ಪಾಕದ ಮನೆ ಸೊಸೆಗೆ ಸಕ್ಕರೆ ಬಂತು

"ಇವತ್ತಿನಿಂದ ಒಂದು ತೊಟ್ಟು ಪಾಕ ಕೂಡ ಈ ಬಾಯೊಳಗೆ ಹೋಗೋದಿಲ್ಲ! ಹೋದ್ರೆ ನನ್ನ ಹೆಸರು ಕೊರಾಲಿನೇ ಅಲ್ಲ!"

ಆರು ತಿಂಗಳ ಬಸುರಿ ಕೊರಾಲಿ ಈ ಘೋರ ಪ್ರತಿಜ್ಞೆ ಮಾಡಿದ್ದು ಮಾರ್ಚ್ ತಿಂಗಳಲ್ಲಿ, ಗಂಡನ ಮನೆಯವರ ಪಾಕದ ಮನೆಯ ನಟ್ಟನಡುವೆ, ಕೊತಕೊತ ಕುದಿಯುವ ಕೊಪ್ಪರಿಗೆಯ ಎದುರು ನಿಂತು. ಇಂಥ ಪ್ರತಿಜ್ಞೆಗೆ ಇದಕ್ಕಿಂತ ಕೆಟ್ಟ ತಿಂಗಳನ್ನೂ ಇದಕ್ಕಿಂತ ಕೆಟ್ಟ ಜಾಗವನ್ನೂ ಇಡೀ ಕ್ವಿಬೆಕ್‌ನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಿಮ ಕರಗಲು ಶುರುವಾಗುವ ಆ ಕೆಲವು ವಾರಗಳಲ್ಲೇ ಮೇಪಲ್ ಮರಗಳು ರಸ ಬಿಡುವುದು. ಆ ರಸವನ್ನು ಕಾಯಿಸಿ ಇಳಿಸಿದ ಪಾಕವೇ ಮನೆಯವರ ವರ್ಷದ ಸಂಪಾದನೆ. ಆ ದಿನಗಳಲ್ಲಿ ಅಲ್ಲಿ ಬಾಗಿಲ ಚಿಲಕ ಅಂಟು, ಕುರ್ಚಿ ಅಂಟು, ಬೆಕ್ಕು ಅಂಟು, ಮಾವನವರ ಮೀಸೆಯಂತೂ ಕೇಳಲೇಬೇಡಿ! ಬೆಳಗಿನ ಮೊಟ್ಟೆಗೂ ಪಾಕ, ಹಂದಿಮಾಂಸಕ್ಕೂ ಪಾಕ, ಬೇಯಿಸಿದ ಕಾಳಿಗೂ ಪಾಕ. ಉಪ್ಪಿನ ಡಬ್ಬಿ ಮೂಲೆಯಲ್ಲಿ ದಿಕ್ಕಿಲ್ಲದೆ ಕೂತಿರುತ್ತಿತ್ತು.

ಪ್ರತಿಜ್ಞೆಗೆ ಕಾರಣ ಪೇಟೆಯ ಕ್ಲಿನಿಕ್ಕಿನಿಂದ ಬಂದ ಸುದ್ದಿ. ಕೊರಾಲಿಗೆ ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆ ಬಂದಿತ್ತು. ನರ್ಸ್ ನಾದೆಜ್ ಅವಳನ್ನು ಎದುರಿಗೆ ಕೂರಿಸಿಕೊಂಡು, ಕಾಯಿಲೆ ಏನು, ಯಾಕೆ, ಏನು ತಿನ್ನಬೇಕು, ಬೆರಳು ಚುಚ್ಚಿ ಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳುವುದು ಹೇಗೆ ಎಂದು ಸಾವಧಾನವಾಗಿ ವಿವರಿಸಿದ್ದರು. ಸಾವಧಾನ ಕೊರಾಲಿಗೆ ಆಗಿಬರುವುದಿಲ್ಲ. ನಾದೆಜ್ ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧವನ್ನು ಇವಳೇ ಮುಗಿಸಿಬಿಡುತ್ತಿದ್ದಳು.

"ಚುಚ್ಚೋಕ್ಕೆ ಮುಂಚೆ ಬೆರಳನ್ನ..."

"ಸ್ವಚ್ಛ ಮಾಡ್ಕೋಬೇಕು. ಗೊತ್ತಾಯ್ತು, ಗೊತ್ತಾಯ್ತು!"

"ಹೇಗೆ ಅಂದ್ರೆ..."

"ಅಯ್ಯೋ, ಬೆರಳು ಸ್ವಚ್ಛ ಮಾಡೋದನ್ನೂ ಹೇಳಿಕೊಡ್ಬೇಕಾ? ಮುಂದಿಂದು ಹೇಳಿ!"

ಮುಂದಿನದನ್ನು ಕೇಳುವಾಗ ಮಾತ್ರ ಅವಳ ಬಾಯಿ ಬಿದ್ದುಹೋಯಿತು. ಊಟದಲ್ಲಿ ಹತೋಟಿಗೆ ಬಂದರೆ ಸರಿ. ಬರದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಆಗ ಪೇಟೆಯ ಹೆರಿಗೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆರುವುದು ಸಾಧ್ಯವಿಲ್ಲ, ನಗರದ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಆ ಹೆರಿಗೆ ಮನೆಯ ಮೇಲೆ ಕೊರಾಲಿ ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಅಲ್ಲಿ ಹಳದಿ ಗೋಡೆಯ ಕೋಣೆ, ಕಿಟಕಿಯಾಚೆ ನದಿ, ಗಂಡ ಪಕ್ಕದಲ್ಲೇ ಮಲಗಲು ಅಗಲವಾದ ಹಾಸಿಗೆ. ಆ ಕೋಣೆಯನ್ನು ನೋಡಿಬಂದ ದಿನದಿಂದ ತನ್ನ ಮಗು ಕಣ್ಣು ಬಿಡುವುದು ಅಲ್ಲೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅದಕ್ಕಾಗಿ ಪಾಕ ಬಿಡುವುದೇನು ಮಹಾ!

ಪ್ರತಿಜ್ಞೆ ಕೇಳಿದ ಮಾವ ಓಮೆರ್ ಒಲೆಗೆ ಸೌದೆ ತುರುಕುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

"ಪಾಕ ಯಾಕೆ ಬಿಡ್ಬೇಕಮ್ಮ? ಸಕ್ಕರೆ ಅಂದ್ರೆ ಅಂಗಡೀಲಿ ಪೊಟ್ಟಣ ಕಟ್ಟಿ ಮಾರೋದು. ಇದು ಮರ!"

"ಮಾವ, ಮರದಿಂದ ಬಂದ್ರೂ ಅದು ಸಕ್ಕರೇನೇ. ನನ್ನ ಹೊಟ್ಟೇಲಿರೋ ಮಾಸು ಇನ್ಸುಲಿನ್ನಿಗೆ ಅಡ್ಡಗಾಲು ಹಾಕ್ತಿದೆ. ಅದಕ್ಕೆ ರಕ್ತದಲ್ಲಿ ಸಕ್ಕರೆ ಏರುತ್ತೆ. ಅದೆಲ್ಲ ಮಗುವಿಗೆ ಹೋಗಿ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಆಗುತ್ತೆ. ನಾನು ಎಲ್ಲಾ ತಿಳ್ಕೊಂಡು ಬಂದಿದೀನಿ!"

ಅತ್ತೆ ಜಿನೆತ್ ಸೌಟು ಎತ್ತಿ ಹಿಡಿದರು. "ನಾನು ಯಾನಿಕ್‌ನ ಹೊತ್ತಾಗ ದಿನಾ ಒಂದು ಬಟ್ಟಲು ಪಾಕ ಕುಡಿತಿದ್ದೆ. ನೋಡು ಈಗ, ಏನಾಗಿದೆ ಅವನಿಗೆ?"

ಎಲ್ಲರೂ ಯಾನಿಕ್‌ನ ಕಡೆ ತಿರುಗಿದರು. ಕೊರಾಲಿಯ ಗಂಡ ಆಗಷ್ಟೇ ರಸದ ಡಬ್ಬಗಳನ್ನು ಹೊತ್ತು, ಬಾಗಿಲಲ್ಲಿ ಹಿಡಿಸದೆ ಅಡ್ಡಡ್ಡಲಾಗಿ ಒಳಗೆ ಬರುತ್ತಿದ್ದ. ಹುಟ್ಟಿದಾಗಲೇ ಅವನು ಐದು ಕಿಲೋಗೆ ಸ್ವಲ್ಪ ಕಮ್ಮಿ ಇದ್ದನಂತೆ. ಆ ಮೇಲೆ ಮೂರು ವಾರ ಅತ್ತೆಗೆ ಕೂರಲು ಆಗಿರಲಿಲ್ಲವಂತೆ.

"ಏನೂ ಆಗಿಲ್ಲ ಅತ್ತೆ," ಅಂದಳು ಕೊರಾಲಿ. "ಬಾಗಿಲು ಮಾತ್ರ ಚಿಕ್ಕದಾಗಿದೆ."

ಆದರೆ ಒಂದು ತೊಡಕಿತ್ತು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ತೀರ್ಪು ಕೊಡುವ ಮನೆಯ ನ್ಯಾಯಾಧೀಶೆ ಕೊರಾಲಿಯೇ! ಮಾವನ ನಾಲಿಗೆ ಹೊಗೆಸೊಪ್ಪಿಗೆ ಬಲಿಯಾಗಿ ಎಷ್ಟೋ ವರ್ಷವಾಗಿತ್ತು. ಅತ್ತೆಗೆ ಎಲ್ಲ ಪಾಕವೂ ಚೆನ್ನಾಗಿಯೇ ಇರುತ್ತಿತ್ತು. ಯಾನಿಕ್‌ನ ಕೈಗೆ ಸೌಟು ಕೊಟ್ಟರೆ ರುಚಿ ನೋಡುವಷ್ಟರಲ್ಲಿ ಪಾಕವೇ ಮುಗಿದಿರುತ್ತಿತ್ತು. ಈಗ ನ್ಯಾಯಾಧೀಶೆಯೇ ರಜೆ ಹಾಕಿದರೆ ಗತಿಯೇನು?

"ನಾಲಿಗೆ ಯಾಕೆ? ಬೆರಳು ಸಾಕು!" ಎಂದು ಕೊರಾಲಿ ಘೋಷಿಸಿದಳು. ಅಂದಿನಿಂದ ಸೌಟಿನ ತುದಿಯ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಎಳೆ ಎಳೆದು ನೋಡಿ, "ಇನ್ನೊಂದು ಕುದಿ ಬರಲಿ", "ಈಗ ಇಳಿಸಿ" ಎಂದು ಆಜ್ಞೆ ಮಾಡತೊಡಗಿದಳು. ತನ್ನ ಜಾಣತನಕ್ಕೆ ತಾನೇ ಬೆರಗಾದಳು.

ಮರುದಿನ ಬೆಳಗ್ಗೆ ಮುಖ ತೊಳೆದು ಬಂದು ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿದಳು. ಮೀಟರಿನಲ್ಲಿ ಐದಕ್ಕೂ ಕಡಿಮೆ! "ನೋಡಿದ್ಯಾ ಯಾನಿಕ್? ಕಾಯಿಲೆ ನನ್ನ ಕಂಡು ಓಡಿಹೋಯ್ತು!" ಎಂದು ಬೀಗಿದಳು. ಮಧ್ಯಾಹ್ನ ಪಾಕದ ಮನೆಯಲ್ಲಿ ಬೇಯಿಸಿದ ಮೊಟ್ಟೆ, ಸೊಪ್ಪು, ಕಣ್ಣಿಗೆ ಕಂಡೂ ಕಾಣದಷ್ಟು ರೊಟ್ಟಿ ತಿಂದಳು. ಎರಡು ಗಂಟೆ ಬಿಟ್ಟು ಅಲ್ಲೇ ಬೆರಳು ಸ್ವಚ್ಛ ಮಾಡಿಕೊಂಡು ಚುಚ್ಚಿದಳು. ಹದಿಮೂರು!

ಅಲ್ಲಿನ ಅಳತೆಯಲ್ಲಿ ಊಟದ ನಂತರ ಏಳು ದಾಟಬಾರದು ಎಂದಿದ್ದರು ನಾದೆಜ್.

ರೊಟ್ಟಿಯದೇ ಕಿತಾಪತಿ ಎಂದು ಮಾರನೆಯ ದಿನ ರೊಟ್ಟಿಯನ್ನು ಗಡೀಪಾರು ಮಾಡಿದಳು. ಅಂಕಿ ಏರಿತು. ಮೊಟ್ಟೆಯನ್ನು ಕೈಬಿಟ್ಟಳು. ಇನ್ನೂ ಏರಿತು. ಕೊನೆಗೆ ಅತ್ತೆ ಮಾಡಿದ ಕೋಸಿನ ಸಾರೊಂದನ್ನೇ ಕುಡಿದಳು. ಉಪ್ಪು ನೀರಿನಲ್ಲಿ ಕೋಸು ಬೆಂದಿತ್ತು, ಅಷ್ಟೇ. ಹದಿನಾರು! ಕಡಿಮೆ ತಿಂದಷ್ಟೂ ಸಕ್ಕರೆ ಹೆಚ್ಚುವ ಈ ಪವಾಡವನ್ನು ಬಿಡಿಸಲು ಇಡೀ ಮನೆ ತಲೆ ಕೆಡಿಸಿಕೊಂಡಿತು.

ಕಂಡುಹಿಡಿದವರು ಓಮೆರ್ ಮಾವ. "ಆವಿ!" ಎಂದು ಕೂಗಿದರು. "ಕೊಪ್ಪರಿಗೆ ಆವಿ ಸಿಹಿ ಅಲ್ವಾ? ನಮ್ಮ ಹುಡುಗಿ ಬಾಯಿ ಮುಚ್ಚಿದಾಳೆ, ಮೂಗಿಂದ ಕುಡೀತಿದಾಳೆ!"

"ಹೌದಲ್ಲ! ಇಬ್ಬರ ಉಸಿರು ಎಳೀತಾಳೆ, ಇಬ್ಬರ ಪಾಕ ಒಳಗೆ ಹೋಗುತ್ತೆ," ಎಂದು ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು.

ಕೊರಾಲಿಗೆ ಮೂಗು ಬಾಯಿ ಸೇರಿಸಿ ಉಣ್ಣೆಯ ಶಾಲು ಸುತ್ತಲಾಯಿತು. ಒಳಗೆ ಬರಲೇಕೂಡದು ಎಂದು ಹೊರಗೆ ಹಿಮದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಯಾನಿಕ್ ಕಿಟಕಿಯಿಂದ ಸೌಟು ಚಾಚುವುದು, ಇವಳು ಡಕಾಯಿತಳಂತೆ ಮುಖ ಮುಚ್ಚಿಕೊಂಡು ಬೆರಳಲ್ಲಿ ಎಳೆ ನೋಡುವುದು, ಹೆಬ್ಬೆರಳೆತ್ತಿ ಸನ್ನೆ ಮಾಡುವುದು! ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ನೋಡುತ್ತಿದ್ದರು. ಸಾಯಂಕಾಲ ಚುಚ್ಚಿದರೆ ಅಂಕಿ ಇನ್ನೂ ಒಂದು ಮೆಟ್ಟಿಲು ಮೇಲೆ!

ಭಾನುವಾರ ಚರ್ಚಿನ ಪೂಜೆ ಮುಗಿಸಿ ಗಂಡ ಹೆಂಡತಿ ಕೊರಾಲಿಯ ತವರಿಗೆ ಊಟಕ್ಕೆ ಹೋದರು. ಅವಳ ತಾಯಿ ಮೊನೀಕ್ ಪೇಟೆಯಲ್ಲಿ ಹೂವಿನಂಗಡಿ ಇಟ್ಟವರು. ಹಸಿದ ಮಗಳ ಮುಖ ನೋಡಿ ಕರುಳು ಚುರ್ರೆಂದು, ಕೋಳಿ, ಆಲೂಗಡ್ಡೆ, ಬೇಡ ಬೇಡ ಅಂದರೂ ಬೆರಳಗಲದ ಸೇಬಿನ ಪೈ ಬಡಿಸಿದರು. ಕೊರಾಲಿ ಅಳುತ್ತಲೇ ತಿಂದಳು, ಚೆನ್ನಾಗಿಯೇ ತಿಂದಳು. ಪಾತ್ರೆ ತೊಳೆದುಕೊಟ್ಟು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದಳು. ಆರೂವರೆ!

ಮೊನೀಕ್‌ಗೆ ಇಷ್ಟು ಸಾಕಾಯಿತು. ಆ ಸಂಜೆಯೊಳಗೆ ಊರಿನ ಅರ್ಧ ಜನಕ್ಕೆ ಫೋನು ಹೋಯಿತು: "ನಮ್ಮನೇಲಿ ಪೈ ತಿಂದ್ರೆ ಆರು, ಬೀಗಿತ್ತಿ ಮನೇಲಿ ಕೋಸು ತಿಂದ್ರೆ ಹದಿನಾರು! ಆ ಕೋಸಿಗೆ ಅದೇನು ಹಾಕ್ತಾಳೋ ತಾಯಿ!" ಉಳಿದರ್ಧ ಜನ ಅದನ್ನು ಜಿನೆತ್ ಅತ್ತೆಗೆ ಮುಟ್ಟಿಸಿದರು.

ಸೋಮವಾರ ಮಧ್ಯಾಹ್ನ ನಾದೆಜ್‌ರ ಫೋನು ಬಂತು. ಕೊರಾಲಿ ಅಂಕಿಗಳನ್ನು ಓದಿ, ಒಂದು ತೊಟ್ಟೂ ಪಾಕ ತಿಂದಿಲ್ಲ ಎಂದು ಆಣೆ ಮಾಡಿದಳು. "ಇವತ್ತೇ ಬಂದುಬಿಡು ಕೊರಾಲಿ. ಇನ್ಸುಲಿನ್ ವಿಚಾರ ಮಾತಾಡ್ಬೇಕಾಗುತ್ತೆ. ಹೆರಿಗೆ ಎಲ್ಲಿ ಅನ್ನೋದನ್ನೂ."

ಫೋನು ಇಟ್ಟ ಕೊರಾಲಿ ಸೌದೆ ರಾಶಿಯ ಮೇಲೆ ಕುಸಿದು ಕೂತಳು. ಶಾಲಿನೊಳಗಿಂದ ಬಿಕ್ಕುವ ಸದ್ದು ಕೇಳಿ ಯಾನಿಕ್ ಡಬ್ಬ ಇಳಿಸಿ ಓಡಿಬಂದ.

"ಹೋಗ್ಲಿ ಬಿಡು, ಎಲ್ಲಿ ಹುಟ್ಟಿದ್ರೂ ಮಗು ನಮ್ದೇ ಅಲ್ವಾ?"

"ಕೋಣೆ ಹಾಳಾಗ್ಹೋಗ್ಲಿ ಯಾನಿಕ್. ನಾನೇ ಮಗುವಿಗೆ ಏನೋ ಕೆಟ್ಟದು ಮಾಡ್ತಿದೀನಿ. ಏನು ಅಂತ ಗೊತ್ತಾಗ್ತಿಲ್ಲ. ರೊಟ್ಟಿ ಬಿಟ್ಟೆ, ಮೊಟ್ಟೆ ಬಿಟ್ಟೆ, ಇನ್ನೇನು ಬಿಡ್ಲಿ? ಉಸಿರು ಬಿಡ್ಲಾ?"

ಅವಳ ಭಯ ನಿಜವಾದದ್ದು, ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆರು ದಿನದಿಂದ ಅರೆಹೊಟ್ಟೆಯಲ್ಲಿದ್ದು ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಅವನು ಪಕ್ಕದಲ್ಲೇ ಕೂತ. ಕೈ ಅಂಗಿಗೆ ಅಂಟಿಕೊಂಡಿತು.

ಅಷ್ಟರಲ್ಲಿ ಜಿನೆತ್ ಅತ್ತೆ ಕೋಸಿನ ಪಾತ್ರೆಯ ಸಮೇತ ರಣರಂಗಕ್ಕೆ ಇಳಿದರು. "ಆಸ್ಪತ್ರೆಗೆ ಹೋಗೋಕ್ಕೆ ಮುಂಚೆ ಒಂದು ಇತ್ಯರ್ಥ ಆಗ್ಬೇಕು! ಇವತ್ತು ನಾವು ನಾಲ್ಕೂ ಜನ ಇದೇ ಪಾತ್ರೆ ಕೋಸು ತಿಂದಿದೀವಿ. ಎಲ್ರಿಗೂ ಚುಚ್ಚು! ಕೋಸಿನದೇ ತಪ್ಪಾದ್ರೆ ಎಲ್ರಿಗೂ ಏರ್ಬೇಕು ತಾನೇ?"

ಮೊದಲು ಅವರು ಮೀಟರಿಗೆ ಕೋಸಿನ ನೀರನ್ನೇ ಒಂದು ತೊಟ್ಟು ಕುಡಿಸಿದರು. ಮೀಟರು ಗೊಣಗಿ ತಪ್ಪೆಂದು ತೋರಿಸಿತು. "ನೋಡಿ, ಕೋಸಲ್ಲಿ ಸಕ್ಕರೆ ಇದೆ ಅನ್ನೋದೇ ತಪ್ಪು ಅಂತಿದೆ!" ಎಂದರು.

"ಅಮ್ಮ, ಅದಕ್ಕೆ ರಕ್ತ ಬೇಕು," ಎಂದ ಯಾನಿಕ್. ಒಬ್ಬೊಬ್ಬರಿಗೆ ಒಂದೊಂದು ಹೊಸ ಸೂಜಿ ತೆಗೆದು ಎಲ್ಲರಿಗೂ ಚುಚ್ಚಿದ. ಅವನದು ಹದಿನಾಲ್ಕು. ಅತ್ತೆಯದು ಹತ್ತೊಂಬತ್ತು. ಓಮೆರ್ ಮಾವನ ರಕ್ತ ಕುಡಿದ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ತನ್ನ ಅಳತೆಯನ್ನೇ ಮೀರಿದೆ ಎಂದು ಎರಡಕ್ಷರ ತೋರಿಸಿ ಅದು ಕೈಚೆಲ್ಲಿತು.

ಕೊಪ್ಪರಿಗೆ ಕೊತಕೊತ ಕುದಿಯುತ್ತಲೇ ಇತ್ತು, ಅದರ ಕಡೆ ಯಾರೂ ನೋಡಲಿಲ್ಲ.

"ಹಾಗಂದ್ರೇನು?" ಎಂದು ಮಾವ ಮೆಲ್ಲಗೆ ಕೇಳಿದರು.

"ಅಪ್ಪ... ನಿನ್ನ ಸಕ್ಕರೆ ಎಣಿಸೋಕ್ಕೇ ಆಗ್ತಿಲ್ಲವಂತೆ."

"ಬಸುರಿ ಅವಳಲ್ವೇನೋ! ನನಗ್ಯಾಕೆ ಬಂತು?"

"ಅಂಟುರೋಗ ಕಣ್ರೀ!" ಎಂದು ಅತ್ತೆ ಪಾತ್ರೆ ಕೆಳಗೆ ಹಾಕಿ ಎದೆ ಹಿಡಿದುಕೊಂಡರು. "ಒಂದೇ ಮನೇಲಿದ್ದು ಎಲ್ರಿಗೂ ಹತ್ಕೊಂಡಿದೆ!"

"ಅತ್ತೆ, ಇದು ಅಂಟೋ ಕಾಯಿಲೆ ಅಲ್ಲ," ಎಂದಳು ಕೊರಾಲಿ. ಹೇಳಿದಳೇ ಹೊರತು ಅವಳ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ನಾಲ್ವರೂ ಟ್ರಕ್ಕಿನಲ್ಲಿ ಒತ್ತರಿಸಿಕೊಂಡು ಕೂತರು. ದಾರಿಯುದ್ದಕ್ಕೂ ಓಮೆರ್ ಮಾವ ಕಡೆಯ ಮಾತುಗಳನ್ನು ಆಡಿದರು. ತಮ್ಮ ನಂತರ ನದಿ ಕಡೆಯ ಮರಗಳನ್ನು ಮಾರಕೂಡದು. ಮರಗಳಿಗೆ ಆಳವಾಗಿ ತೂತು ಕೊರೆಯಕೂಡದು. ಜಿನೆತ್ ಮತ್ತೆ ಮದುವೆಯಾಗುವುದಾದರೆ ಆಗಲಿ, ಆದರೆ ಪಕ್ಕದ ತೋಟದವನನ್ನು ಮಾತ್ರ ಬೇಡ, ಅವನಿಗೆ ಪಾಕ ಕಾಯಿಸಲು ಬರುವುದಿಲ್ಲ. "ಆ ಪಕ್ಕದ ತೋಟದೋನನ್ನ ಯಾರು ಆಗ್ತಾರೆ, ಸುಮ್ನಿರಿ!" ಎಂದು ಅತ್ತೆ ಗದರಿದರು. ಗದರಿ, ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಕ್ಲಿನಿಕ್ಕಿನಲ್ಲಿ ಒಬ್ಬ ಬಸುರಿಯನ್ನು ಕಾಯುತ್ತಿದ್ದ ನಾದೆಜ್ ಎದುರಿಗೆ ನಾಲ್ಕು ಜನ ಸಾಲಾಗಿ ಬೆರಳು ಚಾಚಿ ನಿಂತರು. ಎಲ್ಲರೂ ಒಟ್ಟಿಗೆ ಮಾತಾಡಿದರು. ನಾದೆಜ್ ಮಾವನ ಬೆರಳಿಗೆ ಹತ್ತಿ ಒತ್ತಿ ಕೈ ತೆಗೆದರು. ಹತ್ತಿ ಬರಲಿಲ್ಲ. ಎಳೆದರು. ಹತ್ತಿಯ ಜೊತೆ ಮಾವನೂ ಮುಂದೆ ಬಂದರು.

ನಾದೆಜ್ ಹತ್ತಿಯನ್ನೊಮ್ಮೆ, ಮಾವನ ಕೈಯನ್ನೊಮ್ಮೆ ನೋಡಿ ಕೊರಾಲಿಯ ಕಡೆ ತಿರುಗಿದರು. "ಮನೇಲಿ ಹೇಗೆ ನೋಡ್ಕೋತೀಯೋ ಹಾಗೇ ಇಲ್ಲಿ ಒಂದು ಸಲ ಮಾಡಿ ತೋರಿಸು."

ಕೊರಾಲಿ ಶಾಲು ಬಿಚ್ಚಿ, ಮೀಟರು ತೆಗೆದು, ಸ್ಟ್ರಿಪ್ ಸಿಕ್ಕಿಸಿದಳು. ಆಮೇಲೆ ತೋರುಬೆರಳನ್ನು ಬಾಯಲ್ಲಿಟ್ಟು ಬುಡದಿಂದ ತುದಿಯವರೆಗೆ ಚೆನ್ನಾಗಿ ಚೀಪಿ, ಏಪ್ರನ್ನಿಗೆ ಒರೆಸಿಕೊಂಡಳು.

"ಇದೇನಿದು?"

"ಸ್ವಚ್ಛ ಮಾಡ್ತಿದೀನಿ. ನೀವೇ ಹೇಳಿದ್ರಲ್ಲ!"

"ನೀರು, ಸೋಪು?"

"ಪಾಕವನ್ನ ನೀರಲ್ಲಿ ತೊಳೆಯೋದಾ?" ಜಿನೆತ್ ಅತ್ತೆ ಬೆಚ್ಚಿಬಿದ್ದರು. "ನಲವತ್ತು ತೊಟ್ಟು ರಸ ಕಾಯಿಸಿದ್ರೆ ಒಂದು ತೊಟ್ಟು ಪಾಕ ಆಗೋದು! ನಮ್ಮನೇಲಿ ತೊಳೆಯೋ ಪದ್ಧತಿ ಇಲ್ಲ. ನೆಕ್ಕಿಬಿಡ್ತೀವಿ!"

ನಾದೆಜ್ ಕುರ್ಚಿ ಎಳೆದುಕೊಂಡು ಕೂತರು. "ಕೊರಾಲಿ, ಒಂದು ತೊಟ್ಟೂ ಪಾಕ ತಿಂದಿಲ್ಲ ಅಂತ ಫೋನಲ್ಲಿ ಆಣೆ ಮಾಡಿ ಹೇಳಿದ್ಯಲ್ಲ?"

"ನಿಜವಾಗ್ಲೂ ತಿಂದಿಲ್ಲ!" ಕೊರಾಲಿಗೆ ರೋಷ ಉಕ್ಕಿತು. "ನೆಕ್ಕಿದ್ದು, ಅಷ್ಟೇ!"

"ದಿನಕ್ಕೆಷ್ಟು ಸಲ?"

"ಎಳೆ ನೋಡಿದಾಗೆಲ್ಲ..." ಎಂದವಳು ಅಲ್ಲಿಗೇ ನಿಂತಳು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅವಳು ಎಳೆ ನೋಡುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

ನಾಲ್ವರನ್ನೂ ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಲಾಯಿತು. ಬಿಸಿನೀರು, ಸೋಪು. ಅತ್ತೆ ಒಂದೊಂದು ಬೆರಳನ್ನೂ ನಿಟ್ಟುಸಿರಿನೊಂದಿಗೆ ತೊಳೆದರು. ಮೋರಿಗೆ ಹರಿದುಹೋಗುವ ನೀರನ್ನು ಓಮೆರ್ ಮಾವ ಹೆಣ ಸಾಗಿಸುವವರ ಹಾಗೆ ನೋಡುತ್ತಿದ್ದರು. ಮತ್ತೆ ಚುಚ್ಚಿದಾಗ ಮಾವನದು ಆರರೊಳಗೆ ಬಂತು! ಅತ್ತೆಯದೂ ಆರರೊಳಗೆ! ಯಾನಿಕ್‌ನದೂ ಸರಿ! ಕೊರಾಲಿಯದು ಆರು ದಾಟಿತ್ತು, ಏಳು ಮುಟ್ಟಿರಲಿಲ್ಲ.

"ಮನೇಲಿ ಬಂದಿದ್ದು ರಕ್ತದ್ದಲ್ಲ, ನಿಮ್ಮ ಬೆರಳ ಮೇಲಿನ ಪಾಕದ ಅಂಕಿ," ಎಂದರು ನಾದೆಜ್. "ನೆಕ್ಕಿದ್ರೆ ಪಾಕ ಹೋಗೋದಿಲ್ಲ, ತೆಳ್ಳಗೆ ಸವರಿದ ಹಾಗಾಗುತ್ತೆ. ಮೀಟರ್ ಪಾಪ, ಅದನ್ನೂ ಸೇರಿಸಿ ಲೆಕ್ಕ ಹಾಕಿದೆ. ಮತ್ತೆ ನೀನು, ಬರೀ ಕೋಸು ತಿಂದು ಬದುಕು ಅಂತ ನಾನೆಲ್ಲಿ ಹೇಳಿದೆ? ಮೊಟ್ಟೆ ತಿನ್ನು, ಮಾಂಸ ತಿನ್ನು, ಹದವಾಗಿ ರೊಟ್ಟಿ ತಿನ್ನು. ಹೊಟ್ಟೇಲಿರೋದಕ್ಕೂ ಹಸಿವಾಗುತ್ತೆ."

"ಹೆರಿಗೆ ಮನೆ?" ಕೊರಾಲಿ ಅವರ ತೋಳು ಹಿಡಿದುಕೊಂಡಳು.

"ಕೈ ತೊಳ್ಕೊಂಡು ನೋಡಿದ ಅಂಕಿ ಹೀಗೇ ಇದ್ರೆ ಯಾವ ಅಡ್ಡಿಯೂ ಇಲ್ಲ. ಇನ್ಸುಲಿನ್ ಮಾತು ಸದ್ಯಕ್ಕೆ ಬೇಡ."

ಕೊರಾಲಿ ಅಲ್ಲೇ ಗಂಡನ ಎದೆಗೆ ಮುಖವಿಟ್ಟು ಗಳಗಳನೆ ಅತ್ತುಬಿಟ್ಟಳು. ಅಷ್ಟು ದಿನದ ಭಯವೆಲ್ಲ ಇಳಿದುಹೋಗುವ ಹಾಗೆ ಅತ್ತಳು. ಅದೇ ಹೊತ್ತಿಗೆ ಮಾವನ ಫೋನು ಬಡಿದುಕೊಂಡಿತು. ಪಕ್ಕದ ತೋಟದವನು! ಪಾಕದ ಮನೆಯಿಂದ ಕಪ್ಪು ಹೊಗೆ ಕಂಡು ಓಡಿಬಂದು ಬೆಂಕಿ ಆರಿಸಿದನಂತೆ. ಒಲೆ ಆರಿಸದೆ ಎದ್ದುಬಂದಿದ್ದರಲ್ಲ, ಕೊಪ್ಪರಿಗೆ ತಳ ಹತ್ತಿ ಪಾಕವೆಲ್ಲ ಇದ್ದಿಲಾಗಿತ್ತು. ಸಾವಿಗೂ ಅಷ್ಟು ಹೆದರದ ಓಮೆರ್ ಮಾವ ಗೋಡೆಗೊರಗಿ ಕೂತುಬಿಟ್ಟರು.

"ಅವನಿಗೆ ಪಾಕ ಕಾಯಿಸೋಕ್ಕೆ ಬರೋದಿಲ್ಲ ಅಂದ್ರಲ್ಲ," ಎಂದರು ಅತ್ತೆ. "ನಮಗೆ ಬರುತ್ತಾ?"

ಕೊರಾಲಿ ಮಾತ್ರ ಇದ್ಯಾವುದೂ ಕಿವಿಗೆ ಬೀಳದಷ್ಟು ಹಗುರಾಗಿದ್ದಳು. ಕಣ್ಣೊರೆಸಿಕೊಂಡು, ಮೂಗೇರಿಸಿಕೊಂಡು ಹೊರಗಿನ ಕೋಣೆಗೆ ನಡೆದಳು. ಅಲ್ಲಿ ಸರದಿ ಕಾಯುತ್ತಾ ಇನ್ನಿಬ್ಬರು ಬಸುರಿಯರು ಕೂತಿದ್ದರು. ಬೇಟೆ ತಾನಾಗಿ ಸಿಕ್ಕಿತ್ತು!

"ನಿಮಗೂ ಸಕ್ಕರೆ ಅಂದ್ರಾ? ಹೆದರ್ಬೇಡಿ, ಇದರ ಗುಟ್ಟೆಲ್ಲ ನನಗೆ ಗೊತ್ತಾಗಿದೆ! ಬಿಸಿನೀರು, ಸೋಪು, ಅಷ್ಟೇ. ನನಗೂ ಬಂದಿತ್ತು, ಕೈ ತೊಳ್ಕೊಂಡೆ, ಹೋಯ್ತು! ಯಾನಿಕ್, ಅಮ್ಮನಿಗೆ ಫೋನ್ ಮಾಡು, ಇಡೀ ಪೈ ಒಲೆಗಿಡೋಕ್ಕೆ ಹೇಳು. ನನಗೆ ಕಾಯಿಲೇನೇ ಇರ್ಲಿಲ್ಲ!"

ಹಿಂದಿನಿಂದ ನಾದೆಜ್ ಬಂದು ಅವಳ ಭುಜದ ಮೇಲೆ ಕೈಯಿಟ್ಟರು.

"ಕೊರಾಲಿ, ನಿನಗೆ ಕಾಯಿಲೆ ಇದೆ ಅಂತ ಹೇಳಿದ್ದು ಮೊದಲನೇ ಪರೀಕ್ಷೆ. ಆ ರಕ್ತ ಬೆರಳಿಂದಲ್ಲ, ತೋಳಿನ ನರದಿಂದ ತೆಗೆದಿದ್ದು." ಅವರು ಕೊರಾಲಿಯ ತೋಳು ಮುಟ್ಟಿ ತೋರಿಸಿದರು. "ತೋಳಿನ ಒಳಗಡೇನೂ ನೆಕ್ಕಿಕೊಂಡು ಬಂದಿದ್ಯಾ?"

ಇಬ್ಬರು ಬಸುರಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊರಾಲಿ ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಮೆಲ್ಲಗೆ ಕೂತಳು.

"ಮೊದಲಿಂದ ಹೇಳಿ," ಎಂದು ನಾದೆಜ್‌ರ ಕಡೆ ತಿರುಗಿದಳು. "ಈ ಸಲ ನಾನು ಮಧ್ಯ ಬಾಯಿ ಹಾಕೋಲ್ಲ."